ಪಕ್ಕದ ಹಾಸಿಗೆಯವರನ್ನು ಮುಟ್ಟಿದ ಕೈ

ನಮ್ಮ ಬಿಳಿಗೆರೆ ಕಡೆ ಒಬ್ಬರು ಆಸ್ಪತ್ರೆ ಸೇರಿದರೆ ಬೀದಿಯವರೆಲ್ಲ ಹೋಗಿ ನೋಡಿಕೊಂಡು ಬರುತ್ತೇವೆ. ಎಳನೀರು ಒಯ್ಯುತ್ತೇವೆ. ಹಾಸಿಗೆಯ ಮೇಲೇ ಕೂತು ನಮ್ಮವರ ಮೈದಡವಿ, ಪಕ್ಕದ ಹಾಸಿಗೆಯವರನ್ನೂ ಮುಟ್ಟಿ ಮಾತನಾಡಿಸುತ್ತೇವೆ. ಮನಸ್ಸು ಒಳ್ಳೆಯದೇ. ಆದರೆ ಕೈಯನ್ನು ಯಾರೂ ನೋಡಿಕೊಳ್ಳುವುದಿಲ್ಲ.

ನೆರೆಮನೆಯ ಚಿಕ್ಕಗೌರಮ್ಮನ ಮಗ ಕಲ್ಲೇಶ ಕಾಯಿ ಇಳಿಸುವಾಗ ಮರದಿಂದ ಜಾರಿ ಬಿದ್ದ. ಕಾಲಿನ ಮೂಳೆ ಮುರಿದು, ಆಪರೇಷನ್ ಮಾಡಿ ಒಳಗೆ ರಾಡು ಹಾಕಿದ್ದರು. ಹೊಲಿಗೆ ಇನ್ನೂ ಹಸಿ. ನಾನು ನೋಡಲು ಹೋದಾಗ ಗೌರಮ್ಮ ಪಕ್ಕದ ಹಾಸಿಗೆಯ ಹನುಮಂತಯ್ಯನವರ ಕಾಲಿನ ಹುಣ್ಣಿಗೆ ಕಟ್ಟಿದ್ದ ಪಟ್ಟಿ ಸರಿಮಾಡುತ್ತಿದ್ದಳು. ಅವರ ಹೆಂಡತಿ ಹಸುವಿನ ಹಾಲು ಕರೆಯಲು ತಮ್ಮೂರು ಹಂದನಕೆರೆಗೆ ಹೋಗಿದ್ದರಂತೆ. ಅಲ್ಲಿಂದೆದ್ದವಳು ನೇರ ಬಂದು ಮಗನ ಕಾಲಿನ ಪಟ್ಟಿಗೆ ಕೈ ಹಾಕಿದಳು.

"ಅಮ್ಮ, ಮುಟ್ಬೇಡಿ. ಪಟ್ಟಿ ಸಡಿಲ ಆದ್ರೆ ನಮ್ಮನ್ನ ಕರೀರಿ. ಮೊದ್ಲು ಸೋಪು ಹಾಕಿ ಕೈ ತೊಳ್ಕೊಳಿ," ಎಂದು ನರ್ಸ್ ಅನಿತಾ ತಡೆದಳು.

ಗೌರಮ್ಮನ ಮುಖ ಬಿಗಿಯಿತು. "ಅಲ್ಲ ಕಣವ್ವ, ಆ ಅಣ್ಣನ ಮುಟ್ಬುಟ್ಟು ಅವ್ರ ಎದ್ರಿಗೇ ಕೈ ತೊಳೆಯಾದಾ? ಮೈಲಿಗೆ ಆಯ್ತು ಅಂದಂಗಲ್ವಾ? ನಾಳೆ ಯಾವ ಮುಖ ಇಟ್ಕಂಡು ಮಾತಾಡ್ಸಲಿ?"

"ಮೈಲಿಗೆ ಮಾತಲ್ಲಮ್ಮ. ಔಷಧಿಗೆ ಜಗ್ಗದ ಕ್ರಿಮಿ ಅಂತ ಇರ್ತವೆ. ಕಣ್ಣಿಗೆ ಕಾಣಲ್ಲ. ಒಬ್ರಿಂದ ಒಬ್ರಿಗೆ ಕೈ ಮೇಲೇ ಹೋಗ್ತವೆ. ಅದು ಹಸಿ ಗಾಯಕ್ಕೆ ಸೇರಿದ್ರೆ ನಿಮ್ಮ ಮಗನ ಕಾಲು ಉಳಿಸೋದು ಕಷ್ಟ ಆಗ್ಬೋದು."

"ಇಷ್ಟು ದೊಡ್ಡಾಸ್ಪತ್ರೇಲಿ ಔಷಧಿಗೆ ಸಾಯ್ದಿರೋ ಹುಳ ಯಾವ್ದು, ಅಣ್ಣಯ್ಯ?" ಎಂದು ಅವಳು ನನ್ನತ್ತ ತಿರುಗಿದಳು.

ನಾನು ಹೇಳಿದೆ: "ನಮ್ ಭೂತಮ್ಮನ ನೋಡಿದ್ಯಲ್ಲ ಗೌರಮ್ಮ."

ಅವಳು ತಲೆ ತಗ್ಗಿಸಿದಳು. ಹೋದ ಕಾರ್ತಿಕದಲ್ಲಿ ನನ್ನ ಹೆಂಡತಿ ಭೂತಮ್ಮನ ಹೊಟ್ಟೆಯ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆಮೇಲೆ ಗಾಯಕ್ಕೆ ಇಂಥ ಕ್ರಿಮಿ ಸೇರಿತು. ಡಾಕ್ಟರು ಔಷಧಿ ಬದಲಿಸಿ ಬದಲಿಸಿ ಕೊಟ್ಟರು. ಯಾವುದಕ್ಕೂ ಅದು ಬಗ್ಗಲಿಲ್ಲ. ಯಾರ ಕೈಯಿಂದ ಬಂತೋ ಗೊತ್ತಿಲ್ಲ. ಯಾರನ್ನೂ ನಾನು ದೂರುವುದಿಲ್ಲ. ಅವಳು ಈಗ ಭಗವಂತನ ಪಾದದಲ್ಲಿದ್ದಾಳೆ.

ಆಗ ಹನುಮಂತಯ್ಯನವರೇ ಮಲಗಿದ್ದಲ್ಲಿಂದ ಮಾತನಾಡಿದರು. "ಸಿಸ್ಟರು ನನ್ ಹೆಸ್ರು ಹೇಳಾಕಿಲ್ಲ, ನಾನೇ ಹೇಳ್ತೀನಿ ಕೇಳವ್ವ. ನನ್ ಹುಣ್ಣಲ್ಲೇ ಆ ಕ್ರಿಮಿ ಐತಂತೆ. ರೂಮು ಖಾಲಿ ಆದೇಟಿಗೆ ನನ್ನ ಅತ್ಲಾಗೆ ಹಾಕ್ತಾರೆ. ಜ್ವರ ಬಂದಾಗ್ಲೆಲ್ಲ ಹಳೇ ಮಾತ್ರೆ ಹುಡುಕಿ ಹುಡುಕಿ ನುಂಗ್ತಿದ್ದೆ. ಒಂದೀಟು ವಾಸಿ ಆದೇಟಿಗೆ ಬುಟ್ಬುಡ್ತಿದ್ದೆ. ಅದ್ಕೇ ಈ ಕ್ರಿಮಿ ಈಗ ಔಷಧಿಗೆ ಜಗ್ಗಾಕಿಲ್ವಂತೆ. ನೀನು ಕೈ ತೊಳ್ಕಂಡ್ರೆ ನಂಗ್ಯಾಕೆ ಬೇಜಾರು? ನನ್ನಿಂದ ಆ ಹುಡ್ಗನ ಕಾಲು ಹೋದ್ರೆ ಬೇಜಾರು."

ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋದಳು.

"ಆ ಕೈಲಿ ಬ್ಯಾಡ, ತೊಳ್ಕಂಡು ಬಂದು ಅಳು," ಎಂದರು ಹನುಮಂತಯ್ಯ. ಅವಳಿಗೆ ನಗು ಬಂತು.

ಬಳೆಗಳನ್ನು ಮೇಲಕ್ಕೆ ಸರಿಸಿ, ಬೆರಳ ಸಂದು, ಉಗುರು, ಮಣಿಕಟ್ಟು ಎಲ್ಲವನ್ನೂ ಸೋಪು ಹಾಕಿ ಉಜ್ಜಿ ತೊಳೆದು ಬಂದಳು. ಆಮೇಲೆ ಮಗನ ತಲೆ ಸವರಿದಳು, ಪಟ್ಟಿ ಮುಟ್ಟಲಿಲ್ಲ. ಹನುಮಂತಯ್ಯನವರಿಗೆ ಎಳನೀರು ಕೊಡುವ ಮುಂಚೆ ತಾನಾಗಿಯೇ ಮತ್ತೆ ಕೈ ತೊಳೆಯಲು ಎದ್ದಳು.

"ಈಗ್ಯಾಕಮ್ಮ?" ಎಂದೆ.

"ನಮ್ ಹುಡ್ಗನ ಕಡೆಯಿಂದ ಅಣ್ಣನಿಗೆ ಏನೂ ಹೋಗ್ಬಾರ್ದಲ್ಲ, ಅಣ್ಣಯ್ಯ."

ಕಲ್ಲೇಶ ಈಗ ಮನೆಯಲ್ಲಿದ್ದಾನೆ, ಗಾಯ ಒಣಗಿದೆ. ಹನುಮಂತಯ್ಯನವರು ಬೇರೆ ರೂಮಿನಲ್ಲಿ ಇನ್ನೂ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಗೌರಮ್ಮ ಸಿಸ್ಟರನ್ನು ಕೇಳಿಕೊಂಡು ಅವರನ್ನು ನೋಡಲು ಹೋಗುತ್ತಾಳೆ. ಅವಳು ಬಾಗಿಲಿಗೆ ಬರುತ್ತಲೇ ಅವರು ಕೇಳುತ್ತಾರಂತೆ: "ಕೈ ಆಯ್ತಾ, ತಾಯಿ?"

ಓದುವ ಅಣ್ಣಂದಿರೇ, ಅಕ್ಕಂದಿರೇ, ರೋಗಿಯನ್ನು ನೋಡಲು ಹೋಗುವುದನ್ನು ಬಿಡಬೇಡಿ. ಗುಂಪಾಗಿ ಹೋಗಬೇಡಿ, ಹಾಸಿಗೆಯ ಮೇಲೆ ಕೂರಬೇಡಿ, ಗಾಯದ ಪಟ್ಟಿ ಮುಟ್ಟಬೇಡಿ. ರೋಗಿಯನ್ನು ಮುಟ್ಟುವ ಮುಂಚೆಯೂ, ಮುಟ್ಟಿದ ಮೇಲೂ ಕೈ ತೊಳೆಯಿರಿ. ನೀವೇ ರೋಗಿಯಾದಾಗ ನಿಮ್ಮನ್ನು ಮುಟ್ಟಲು ಬಂದವರಿಗೂ, ಅವರು ಡಾಕ್ಟರೇ ಆಗಿರಲಿ, ಕೈ ತೊಳೆಯಲು ಸಂಕೋಚವಿಲ್ಲದೆ ಹೇಳಿ. ಡಾಕ್ಟರು ಬರೆದುಕೊಡದೆ ಆಂಟಿಬಯಾಟಿಕ್ ಮಾತ್ರೆ ನುಂಗಬೇಡಿ. ಬರೆದುಕೊಟ್ಟರೆ ಅವರು ಹೇಳಿದಂತೆಯೇ ತೆಗೆದುಕೊಳ್ಳಿ.

ಆಯುಸ್ಸು ಭಗವಂತನ ಕೈಯಲ್ಲಿದೆ. ಕೈ ತೊಳೆಯುವ ಕೆಲಸವನ್ನು ಮಾತ್ರ ಅವನು ನಮಗೇ ಬಿಟ್ಟಿದ್ದಾನೆ.