ಕೊಂಡವರ ಮನೆಯ ಹೆಸರು

"ಇನ್ನೊಂಚೂರು ಎಡಕ್ಕೆ ಎಳೀರಿ, ಭಾವ," ಎಂದ ಅಶ್ವಥ್ ಕೆಳಗಿನಿಂದ.

ಏಣಿಯ ಮೇಲಿದ್ದ ಮಹೇಶ್ ಫ್ಲೆಕ್ಸಿನ ಹಗ್ಗವನ್ನು ಸಿಲ್ವರ್ ಓಕ್ ಮರಕ್ಕೆ ಬಿಗಿದ. ಗಂಟು ಜಾರಿತು. ಬಿಚ್ಚಿ ಮತ್ತೆ ಹಾಕಿದ. ಕುಶಾಲನಗರದ ರಸ್ತೆಯಿಂದ ಅವರ ಮನೆಯ ದಾರಿ ಒಡೆಯುವ ಜಾಗ ಅದು. ಫ್ಲೆಕ್ಸಿನಲ್ಲಿ ಅವನ ಅವ್ವ ನಗುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ ಶ್ರೀಮತಿ ಲಕ್ಷ್ಮಮ್ಮ ಎಂದಿತ್ತು.

ಸತ್ತವಳ ವಾರಗಿತ್ತಿ ಹುಚ್ಚಮ್ಮ ಅಲ್ಲಿಗೆ ಬಂದು, ಫೋಟೊ ನೋಡಿ ಸೆರಗು ಬಾಯಿಗಿಟ್ಟಳು. ಆಮೇಲೆ ಮಹೇಶನ ಮಗಳು ದಿವ್ಯಶ್ರೀಯನ್ನು ಕೇಳಿದಳು, "ಏನೇ ಬರ್ದವ್ರೆ?"

ದಿವ್ಯಶ್ರೀ ಓದಿ ಹೇಳಿದಳು.

"ಯಾವಳೇ ಅವಳು ಲಕ್ಷ್ಮಮ್ಮ?"

"ಸುಮ್ನಿರಿ ಅತ್ತೆ," ಎಂದ ಅಶ್ವಥ್. ಅವನು ಮಹೇಶನ ಹೆಂಡತಿಯ ತಮ್ಮ. ದಿವ್ಯಶ್ರೀಗೆ ಸಂಬಂಧ ಕುದುರಿಸಿದವನೂ ಅವನೇ. "ಗಂಡಿನ ಕಡೆಯೋರು ಬರ್ತಾವ್ರೆ. ಐಸಮ್ಮ ಅಂತ ಹಾಕಿದ್ರೆ ಏನಂದ್ಕೊಂಡಾರು? ಗೌಡ್ರ ಮನೇಲಿ ಬ್ಯಾರಿ ಹೆಸ್ರು!"

"ಸಾವಿನ ಕಣ್ಣಿಗೆ ಬೀಳ್ದಿರ್ಲಿ ಅಂತ ಇಟ್ಟಿದ್ದು ಕಣ್ಲಾ ಆ ಹೆಸ್ರು. ಈಗ ಸಾವಿನ ಕಣ್ಣಿಗೆ ಬಿದ್ದಾಯ್ತು. ಬೀಗ್ರ ಕಣ್ಣಿಗೆ ಬೀಳ್ದಿರ್ಲಿ ಅಂತ ಇನ್ನೊಂದಾ?" ಹುಚ್ಚಮ್ಮ ಏಣಿ ಹಿಡಿದು ಮೇಲೆ ನೋಡಿದಳು. "ಮಗಾ, ಪಾಣೆಮಂಗಳೂರಿಗೆ ತಿಳ್ಸಿದ್ಯಾ? ಅವಳ್ನ ಕೊಂಡೋರು ಬಂದು ಬಿಟ್ಟುಕೊಡ್ದೆ ಹೆಣ ಎತ್ತಂಗಿಲ್ಲ. ನಿಮ್ಮವ್ವ ಮಾತು ತಗೊಂಡವ್ಳೆ ನಿನ್ ಕೈಲಿ."

ಮಹೇಶ್ ಗಂಟನ್ನು ಇನ್ನೊಮ್ಮೆ ಬಿಗಿದ.

"ನಾನು ಫೋನ್ ಮಾಡ್ದೆ," ಎಂದಳು ದಿವ್ಯಶ್ರೀ. "ಹೊರಟವ್ರೆ."

*

ಐಸಮ್ಮನ ಮುಂಚೆ ಹುಟ್ಟಿದವೆಲ್ಲ ತೊಟ್ಟಿಲಲ್ಲೇ ತೀರಿಹೋಗಿದ್ದವು. ಇವಳು ಹುಟ್ಟಿದಾಗ ಅವಳಪ್ಪ ಕೂಸನ್ನು ಮೊರದಲ್ಲಿ ಮಲಗಿಸಿಕೊಂಡು ಹೋಗಿ, ಸಂತೆಗೆ ಹೊರಟಿದ್ದ ಇದಿನಬ್ಬನ ಗಾಡಿಗೆ ಅಡ್ಡ ನಿಂತ. ಇದಿನಬ್ಬ ಪಾಣೆಮಂಗಳೂರಿನ ಬ್ಯಾರಿ, ಕರಾವಳಿಯ ಮುಸಲ್ಮಾನ. ಘಟ್ಟದ ಕೆಳಗಿನ ಉಪ್ಪು, ಒಣಮೀನು ತಂದು ಮಾರಿ, ಮೇಲಿನ ಅಕ್ಕಿ, ಮೆಣಸು ಒಯ್ಯುತ್ತಿದ್ದ.

"ಇದನ್ನ ಕೊಂಡ್ಕೊಳ್ಳಿ ಸಾವ್ಕಾರ್ರೆ. ನಿಮ್ದಾದ್ರೆ ಬದ್ಕುತ್ತೆ."

ಇದಿನಬ್ಬ ಒಂದು ಬೊಗಸೆ ಉಪ್ಪು ಕೊಟ್ಟು ಕೂಸನ್ನು ಕೊಂಡ. ತನ್ನ ತಾಯಿಯ ಹೆಸರಿಟ್ಟ. ಸಾಕಿಕೊಂಡಿರಿ ಎಂದು ಹೇಳಿ ಗಾಡಿ ಹೊಡೆದ. ಇನ್ನು ಸಾವು ಗೌಡರ ಮಗುವನ್ನು ಹುಡುಕಿಕೊಂಡು ಬಂದರೆ ಆ ಮನೆಯಲ್ಲಿ ಗೌಡರ ಮಗುವೇ ಇಲ್ಲ.

ಇಂಥ ಮಕ್ಕಳನ್ನು ಮದುವೆಗೆ ಮುಂಚೆ ಮರಳಿ ಕೊಳ್ಳುವುದು ವಾಡಿಕೆ. ಇದಿನಬ್ಬ ಒಪ್ಪಲಿಲ್ಲ. "ಹೆಣ್ಣುಮಗಳನ್ನು ಯಾರಾದರೂ ಮಾರುತ್ತಾರಾ?" ಎಂದು ಸಿಟ್ಟಾಗಿ, ಧಾರೆಗೆ ಒಂದು ಸೀರೆ ತಂದುಕೊಟ್ಟು ಹೋದ. ಹಾಗಾಗಿ ಅವಳು ಕೊನೆಯವರೆಗೂ ಕೊಂಡವರ ಮಗಳಾಗಿಯೇ ಉಳಿದಳು.

ಬ್ಯಾಂಕಿನಲ್ಲಿ ಹೆಸರು ಕೂಗಿದಾಗ ಜನ ಅವಳ ಹಣೆಯ ಕುಂಕುಮವನ್ನೇ ನೋಡುತ್ತಿದ್ದರು. ಅವಳು ಮಾತ್ರ, "ನಾನೇ, ನಾನೇ!" ಎಂದು ಮದುವೆಮನೆಗೆ ನುಗ್ಗುವವಳಂತೆ ಹೋಗುತ್ತಿದ್ದಳು. ಮಹೇಶ್ ಗೋಡೆಯ ಕಡೆ ನೋಡುತ್ತಿದ್ದ.

*

ಹೆಣಕ್ಕೆ ನೀರು ಹಾಕಿ, ಹೊಸ ಸೀರೆ ಉಡಿಸಿ, ಚಟ್ಟದ ಮೇಲೆ ಮಲಗಿಸಿದ್ದರು. ಶುಂಠಿ ಹೊಲದ ಬದಿಯಲ್ಲಿ ಗುಂಡಿ ತೆಗೆದಾಗಿತ್ತು. ಗಂಡಿನ ಅಪ್ಪ ಸಣ್ಣಸ್ವಾಮಿಯವರು ಅರಕಲಗೂಡಿನಿಂದ ಬಂದು ಹಾರ ಹಾಕಿ ಕುರ್ಚಿಯಲ್ಲಿ ಕೂತಿದ್ದರು. ಮಹೇಶ್ ಅಂಗಳಕ್ಕೂ ಕೊಟ್ಟಿಗೆಗೂ ಸುಮ್ಮನೆ ಓಡಾಡುತ್ತಿದ್ದ. ಕೂತವನು ಎದ್ದ, ಎದ್ದವನು ಎಲ್ಲಿಗೆ ಹೊರಟೆನೆಂದು ಮರೆತ.

"ಬಿಸ್ಲು ಏರ್ತಾ ಅದೆ. ಎತ್ತಿಬಿಡಾನ ಭಾವ," ಎಂದು ಅಶ್ವಥ್ ಕಿವಿಯ ಹತ್ತಿರ ಅಂದ. "ಆ ಬ್ಯಾರಿ ಬರೋದ್ರೊಳ್ಗೆ ಮುಗಿದ್ರೆ ಸಲೀಸು."

ಫೋನು ಹೊಡೆದುಕೊಂಡಿತು. ಇದಿನಬ್ಬನ ಮೊಮ್ಮಗ ಅದ್ರಾಮ.

"ಮಹೇಶಣ್ಣ, ದಾರಿ ತಪ್ಪಿತು ಮಾರಾಯ್ರೆ. ನಿಮ್ಮದು ಅಂದುಕೊಂಡ ತಿರುವಿನಲ್ಲಿ ಯಾರೋ ಲಕ್ಷ್ಮಮ್ಮನವರದ್ದು ಬೋರ್ಡು ಉಂಟು. ಪಾಪ, ಅಲ್ಲಿಯೂ ಒಂದು ಸಾವು. ಗಾಡಿಯಿಂದಲೇ ಹೆಸರು ಓದಿ ಮುಂದೆ ಬಂದೆ. ಐಸಮ್ಮನ ಮನೆ ಎಲ್ಲಿ ಅಂತ ಕೇಳಿದರೆ ಇಲ್ಲಿ ಯಾರಿಗೂ ಗೊತ್ತಿಲ್ಲ."

ಹಿಂದೆ ನಾಲ್ವರು ಚಟ್ಟಕ್ಕೆ ಕೈಹಾಕಿದ್ದರು. ಸಣ್ಣಸ್ವಾಮಿ ಎದ್ದು ನಿಂತಿದ್ದರು. ಅಶ್ವಥ್ ಕಣ್ಣಲ್ಲೇ 'ಬೇಡ' ಎಂದ.

"ಎತ್ಬೇಡಿ!" ಎಂದು ಮಹೇಶ್ ಕೂಗಿದ. ತನ್ನ ದನಿಗೆ ತಾನೇ ಬೆಚ್ಚಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಫೋನಿಗೆ ಹೇಳಿದ, "ಅದೇ ತಿರುವು, ಅದ್ರಾಮಣ್ಣ. ಐಸಮ್ಮನ ಮನೆ ಇದೇ. ನಾನು ರಸ್ತೆಗೆ ಬರ್ತೀನಿ."

"ಐಸಮ್ಮ ಯಾರು?" ಎಂದರು ಸಣ್ಣಸ್ವಾಮಿ.

"ನಮ್ಮವ್ವ."

"ಮತ್ತೆ ಫ್ಲೆಕ್ಸಲ್ಲಿರೋದು?"

"ಅದು ಸುಳ್ಳು," ಎಂದು ಮಹೇಶ್ ಸ್ಕೂಟರಿನ ಕೀಲಿಗಾಗಿ ಜೇಬೆಲ್ಲ ತಡಕಿದ.

*

ಅದ್ರಾಮ ಅರವತ್ತರ ಆಸುಪಾಸಿನ ಮನುಷ್ಯ. ಚಪ್ಪಲಿ ಕಳಚಿ, ಬಿಳಿ ಟೋಪಿ ಸರಿಮಾಡಿಕೊಂಡು, ಚಟ್ಟದ ಬಳಿ ನಿಂತ. ಜನ ಗುಸುಗುಸು ನಿಲ್ಲಿಸಿದರು.

"ನಮ್ಮ ಮನೆಯಲ್ಲಿ ಈಗ ಐಸಮ್ಮ ಅಂತ ಯಾರೂ ಇಲ್ಲ," ಎಂದ ಹುಚ್ಚಮ್ಮನ ಕಡೆ ತಿರುಗಿ. "ಮೊಮ್ಮಕ್ಕಳೆಲ್ಲ ಆಯಿಷಾ, ಇನಾಯಾ. ಹಳೆಯ ಹೆಸರು ಅಂದರೆ ಅವರಿಗೆ ನಾಚಿಕೆ. ನಮ್ಮ ಮುತ್ತಜ್ಜಿಯ ಹೆಸರು ಉಳಿದದ್ದು ಇಲ್ಲಿ, ನಿಮ್ಮಲ್ಲಿ ಮಾತ್ರ."

"ಬಿಟ್ಟುಕೊಡಪ್ಪ," ಎಂದಳು ಹುಚ್ಚಮ್ಮ, ಮೆಲ್ಲಗೆ.

ಅವನು ಬಗ್ಗಿದ. "ಐಸಮ್ಮ, ಇದಿನಬ್ಬರ ಮಗಳೇ, ಬಿಟ್ಟುಕೊಟ್ಟೆವು. ಹೋಗು." ಸೆಟೆದ ಪಾದವನ್ನು ಒಮ್ಮೆ ಮುಟ್ಟಿ ಹಿಂದೆ ಸರಿದ.

ಚಟ್ಟ ಮೇಲೆದ್ದಿತು. ಹೊಲಕ್ಕೂ ರಸ್ತೆಗೂ ಹೋಗಲು ಇದ್ದದ್ದು ಒಂದೇ ಓಣಿ, ಎರಡೂ ಕಡೆ ಲಂಟಾನ. ಅದರ ನಡುವೆ ಸಣ್ಣಸ್ವಾಮಿಯವರ ಕಾರು ರಸ್ತೆಗೆ ಬೆನ್ನು ಮಾಡಿ ನಿಂತಿತ್ತು. ಎಂಜಿನ್ ಚಾಲೂ ಇತ್ತು. ಅವರ ಒಂದು ಕಾಲು ಕಾರಿನೊಳಗೆ, ಇನ್ನೊಂದು ನೆಲದ ಮೇಲೆ. ಅಶ್ವಥ್ ಬಾಗಿಲು ಹಿಡಿದುಕೊಂಡು ಏನೋ ವಿವರಿಸುತ್ತಲೇ ಇದ್ದ. ಹೊತ್ತವರು ಹೆಜ್ಜೆ ತಡೆದರು. ಮಹೇಶನ ಹೆಗಲ ಮೇಲಿನ ಬಿದಿರು ಒತ್ತತೊಡಗಿತು.

ದಿವ್ಯಶ್ರೀ ಎಲ್ಲರನ್ನೂ ದಾಟಿ ಮುಂದೆ ಹೋದಳು. ಕಾರಿನ ಧೂಳು ಹಿಡಿದ ಬಾನೆಟ್ಟಿನ ಮೇಲೆ ಅಂಗೈ ಊರಿ, ಡ್ರೈವರನಿಗೆ ಹೇಳಿದಳು, "ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಐಸಮ್ಮ ಹೋಗ್ಬೇಕು."

ಕಾರು ಹಿಂದಕ್ಕೆ ಸರಿಯಿತು. ಬಾಗಿಲು ತೆರೆದೇ ಇತ್ತು. ಲಂಟಾನದ ಗಿಡಗಳನ್ನು ಒಂದೊಂದಾಗಿ ಬಗ್ಗಿಸುತ್ತ ಹೋಯಿತು. ಬಾನೆಟ್ಟಿನ ಮೇಲೆ ಐದು ಬೆರಳು ಮೂಡಿದ್ದವು. ಸಣ್ಣಸ್ವಾಮಿ, ಒಳಗೂ ಹೊರಗೂ ಅಲ್ಲದೆ, ತೆರೆದ ಬಾಗಿಲಿನ ಜೊತೆ ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದರು.