ಹೊಳೆಗೆ ಬಿಟ್ಟ ಕಡಲ ನುಡಿ

ಮೂಕನ ಎದೆಯಲ್ಲೂ ನುಡಿಯಾಗಿ ನೆಲೆಸಿರುವ ಪರಶಿವನಿಗೆ ಶರಣೆಂದು ಈ ಕಥೆಯನ್ನು ಆರಂಭಿಸುತ್ತೇನೆ.

ರಾಮದುರ್ಗದ ಮಹಾಂತಪ್ಪನವರು ಹಳಗನ್ನಡ ವ್ಯಾಕರಣದಲ್ಲಿ ಪಳಗಿದ ಪಂಡಿತರು. ಅವರ ತಂಗಿ ತಂಗೆವ್ವ ಬೈಲಹೊಂಗಲದಲ್ಲಿ ಬಟ್ಟೆ ಹೊಲಿಯುವವಳು. ಸಮುದ್ರವನ್ನೇ ಕಾಣದ ಈ ಇಬ್ಬರೂ ಎಳವೆಯಲ್ಲಿ ಮಲಪ್ರಭೆಯ ಬಂಡೆಗಳನ್ನು ಬಂದರುಗಳೆಂದು ಬಗೆದು, ಏಳು ಕಡಲುಗಳ ಲೋಕವೊಂದನ್ನು ಕಟ್ಟಿಕೊಂಡಿದ್ದರು. ದ್ವೀಪದ್ವೀಪಗಳ ವರ್ತಕರು ಉಪ್ಪಿಗೆ ಹಕ್ಕಿಗರಿ ಬದಲಾಯಿಸಿಕೊಳ್ಳುವಾಗ ಆಡುತ್ತಿದ್ದ ಕಲಬೆರಕೆ ಮಾತೇ ಆ ಲೋಕದ ಜೀವ. ‘ಮಾ ಲೂಣಿ, ತೂ ಪಾರ’ ಎಂದರೆ, ಉಪ್ಪು ನನ್ನದು, ಗರಿ ನಿನ್ನದು, ಒಪ್ಪಿಗೆಯೇ ಎಂದರ್ಥ. ಪಾಠಶಾಲೆ ಸೇರಿದ ಅಣ್ಣ ಅದನ್ನು ಮರೆತರು. ತಂಗಿ ಮಾತ್ರ ಐವತ್ತು ವರ್ಷ ಪದ ಕೂಡಿಸುತ್ತ ನೋಟುಬುಕ್ಕೊಂದನ್ನು ತುಂಬಿಸಿದಳು.

ಯುಗಾದಿಗೆ ಬಂದವಳು ಅದನ್ನು ಅಣ್ಣನ ಕೈಗಿಟ್ಟಳು.

“ಓದಿ ನೆನಪ ಮಾಡ್ಕೊ ಅಣ್ಣಾ. ದಸರಾಕ್ಕ ಬರತೇನಿ, ಇದರಾಗ ಮಾತಾಡೂಣು. ನನ್ನ ಕೂಡ ಇದನ್ನ ಆಡಾಕ ಮತ್ಯಾರದಾರ?”

ಮಹಾಂತಪ್ಪನವರು ಓದಿ ಮರುಗಿದರು. ವಿಭಕ್ತಿಯಿಲ್ಲ, ಲಿಂಗವಿಲ್ಲ, ಕ್ರಿಯಾಪದಕ್ಕೆ ಕಾಲವೇ ಇಲ್ಲ! ತಂಗಿಯ ಮೇಲಿನ ಅಕ್ಕರೆಯಿಂದಲೇ ಆರು ತಿಂಗಳು ಕುಳಿತು, ಪದಪದವನ್ನೂ ತಿದ್ದಿ, ಸೂತ್ರಗಳನ್ನು ರಚಿಸಿ, ಹೊಸ ಹೊತ್ತಗೆಯಲ್ಲಿ ದುಂಡಾಗಿ ಬರೆದರು. ಶುದ್ಧಪ್ರತಿ ಸಿದ್ಧವಾದ ಮೇಲೆ ಜೀರ್ಣವಾದ ಮೂಲಕ್ಕೆ ಹೂವು ವಿಭೂತಿ ಏರಿಸಿ ಹೊಳೆಗೆ ಬಿಡುವುದು ಅವರ ಮನೆತನದ ಪದ್ಧತಿ. ಅದನ್ನೂ ಭಕ್ತಿಯಿಂದ ನೆರವೇರಿಸಿದರು.

ದಸರೆಗೆ ಬಂದ ತಂಗೆವ್ವ ಹೊತ್ತಗೆಯ ಎರಡು ಪುಟ ಓದಿ ನಕ್ಕುಬಿಟ್ಟಳು.

“ಅಯ್ಯ ಅಣ್ಣಾ! ನನ್ನ ಹಡಗಿನ ಖಲಾಶಿಗಳಿಗೆಲ್ಲಾ ಪಂಡಿತರ ರುಮಾಲ ಸುತ್ತೀಯಲ್ಲೋ! ಇವರು ಹಿಂಗ ಮಾತಾಡಿ ಮುಗಿಸೂದ್ರಾಗ ಉಪ್ಪು ಕರಗಿ ನೀರಾಗತೈತಿ. ಇರಲಿ, ನನ್ನ ಬುಕ್ಕ ಕೊಡು.”

“ಅದನ್ನ ಹೊಳಿಗೆ ಬಿಟ್ಟೆ, ತಂಗೆವ್ವಾ. ವಿಧಿಪ್ರಕಾರನ ಬಿಟ್ಟೆ.”

ಅವಳ ನಗು ನಿಂತಿತು.

“ನಿನಗ ಎಲ್ಲಾ ನೆನಪೈತಿ ಹೌದಲ್ಲೋ?” ಪಂಡಿತರು ಕೇಳಿದರು.

“ಅರ್ಧ ಇದ್ದೀತು. ವ್ಯಾಪಾರದ ಮಾತು ಅಣ್ಣಾ, ಎದುರಿಗೆ ಒಬ್ಬರು ಬೇಕು. ನೀ ಬರತಿ ಅಂತ ಇಷ್ಟ ವರ್ಷ ಕಡಲ ದಂಡಿಮ್ಯಾಲ ನಿಂತಿದ್ದೆ.”

“ಈಗ ಕಲಿಸು. ಕಲೀತೇನಿ.”

“ಬ್ಯಾಡ ಬಿಡು. ನೀ ಮತ್ತ ತಿದ್ದತಿ.”

ಆಕೆ ಬೈಲಹೊಂಗಲದ ಬಸ್ಸಿಗೆ ಹೊರಟಳು. ಅವಳನ್ನು ಕರೆದು ನಿಲ್ಲಿಸಬಲ್ಲ ಒಂದೇ ಒಂದು ಮಾತಿಗಾಗಿ ಮಹಾಂತಪ್ಪನವರು ಹೊತ್ತಗೆಯ ಹಾಳೆಗಳನ್ನು ಅವಸರದಿಂದ ತಿರುವಿದರು. ಎಲ್ಲ ವಾಕ್ಯಗಳೂ ನಿರ್ದುಷ್ಟವಾಗಿದ್ದವು. ಅವಳದೆನ್ನುವುದು ಒಂದೂ ಇರಲಿಲ್ಲ.

ಇದನ್ನು ಕೇಳಿದವರ ಮನೆಗಳಲ್ಲಿ ಒಡಹುಟ್ಟಿದವರ ತೊದಲಿಗೂ ಮರುಮಾತು ದೊರೆಯಲಿ. ಶಿವನು ಸರ್ವರನ್ನೂ ಹರಸಲಿ.