ಐದು ಸಾವಿರಕ್ಕೆ ಮೂವತ್ತೊಂದು ಕಡಿಮೆ

"ನಲವತ್ತನಾಲ್ಕು ಜನ! ಎಲ್ಲ ನನ್ನ ಹೋಟೆಲಿನ ಮಹಡಿಯಲ್ಲೇ ಮಲಗುವವರು. ಹೆಸರು, ಪ್ರಾಯ ಬರೆದು ತಂದಿದ್ದೇನೆ. ಕೊಂಚ ಸೇರಿಸಿಬಿಡಿ, ಮಾರಾಯ್ತಿ," ಎಂದು ಸುಬ್ರಾಯ ಪಟ್ಟಿಯನ್ನು ಮೇಜಿನ ಮೇಲಿಟ್ಟ.

ಬಂದರಿನೆದುರು ಪ್ಯಾರೀಸ್ ಕಾರ್ನರಿನ ಹಳೆಯ ಕಟ್ಟಡವೊಂದರಲ್ಲಿದ್ದ ಜನಗಣತಿ ಕಚೇರಿಯಲ್ಲಿ ಗುಣವತಿ ಹಂಗಾಮಿ ಗುಮಾಸ್ತೆ. ಯಾವ ಊರು ಪಟ್ಟಣ, ಯಾವುದು ಹಳ್ಳಿ ಎಂಬ ಕಾಗದಗಳೆಲ್ಲ ಅವಳ ಮೇಜು ದಾಟಿಯೇ ಒಳಗಿನ ಅಧಿಕಾರಿಗೆ ಹೋಗಬೇಕು. ಐದು ಸಾವಿರ ಜನರಿಲ್ಲದಿದ್ದರೆ ಊರು ಪಟ್ಟಣವಾಗುವಂತಿಲ್ಲ. ಸುಬ್ರಾಯನ ಹೋಟೆಲಿದ್ದ, ಅಂಬತ್ತೂರಿನಾಚೆಯ ಕರುಂಪಾಕ್ಕಂಗೆ ಮೂವತ್ತೊಂದು ತಲೆ ಕಡಿಮೆ ಬಿದ್ದಿತ್ತು. ಅಲ್ಲಿಗೆ ಮುನಿಸಿಪಾಲಿಟಿ ಬರುತ್ತದೆ, ತಾನೇ ಮೊದಲ ಅಧ್ಯಕ್ಷ ಎಂದು ಸುಬ್ರಾಯ ಜರಿ ಶಾಲನ್ನೂ ತಂದಿಟ್ಟುಕೊಂಡಿದ್ದ. ಕೂಸು ಹುಟ್ಟುವ ಮೊದಲೇ ಕುಲಾವಿ! ಅದು ೧೯೬೧ರ ಮಾರ್ಚ್ ಮೂರು, ತಿದ್ದುಪಡಿಗೆ ಕೊನೆಯ ದಿನ.

ಗುಣವತಿ ಹಳೆಯ ಕಾಗದವೊಂದನ್ನು ತೆಗೆದು ಅವನ ಮುಂದೆ ಹಿಡಿದಳು. "ಎಣಿಸುವವರು ಬಂದಾಗ ಮನೆಯಲ್ಲಿ ಐದೇ ಜನ ಅಂದಿದ್ದೀರಿ. ಇದು ನಿಮ್ಮದೇ ಸಹಿಯಲ್ವಾ?"

"ಅವರು ಲೇಬರ್ ಇನ್ಸ್‌ಪೆಕ್ಟರ್ ಕಡೆಯವರು ಅಂತ ಗ್ರಹಿಸಿದೆ. ಅದಕ್ಕೆ ಹುಡುಗರನ್ನು ಹಿತ್ತಲಿಗೆ ಕಳಿಸಿದ್ದು."

ನಾಲ್ಕು ವರ್ಷದ ಕೆಳಗೆ ಅವನ ಹೋಟೆಲಿನ ಬಾಯ್ಲರ್ ಸಿಡಿದು, ಅಲ್ಲೇ ಕೆಲಸಕ್ಕಿದ್ದ ಅವಳ ಗಂಡ ಕಾಂತಪ್ಪ ಬೆಂದುಹೋಗಿದ್ದ. ಪೊಲೀಸರು ಕೇಳಿದಾಗ ಇದೇ ಸುಬ್ರಾಯ, "ಅವ ನಮ್ಮವನಲ್ಲ, ಕಾಫಿ ಕುಡಿಯಲಿಕ್ಕೆ ಬಂದವ" ಎಂದಿದ್ದ. ಪ್ರಾಣ ಹೋಗುವ ಮೊದಲು ಆ ಮಾತು ಕಾಂತಪ್ಪನ ಕಿವಿಗೂ ಬಿದ್ದಿತ್ತು. ಅದನ್ನು ಅವಳು ಕ್ಷಮಿಸಿರಲಿಲ್ಲ, ಕ್ಷಮಿಸುವ ಮನಸ್ಸೂ ಇರಲಿಲ್ಲ.

"ಇವರೂ ಕಾಫಿ ಕುಡಿಯಲಿಕ್ಕೆ ಬಂದವರೇ ಇರಬೇಕು," ಎಂದಳು. "ನಾನು ಸೇರಿಸುವುದಿಲ್ಲ."

ಸುಬ್ರಾಯನ ಮುಖ ಕಪ್ಪಿಟ್ಟಿತು. ಗುಣವತಿಗೆ ಹೊಟ್ಟೆ ತಣ್ಣಗಾಯಿತು. ಅವನು ಬೇಡಿದ, ಬೈದ, ಕೊನೆಗೆ ಧಡಧಡನೆ ಮೆಟ್ಟಿಲಿಳಿದು ಹೋದ.

ಅವನ ಜೊತೆ ಬಂದಿದ್ದ ಅಡುಗೆಯ ಪಂಢರಿನಾಥ ಮಾತ್ರ ಬಾಗಿಲಲ್ಲೇ ನಿಂತಿದ್ದ. ಅಂದು ಕಾಂತಪ್ಪನನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದವನು ಅವನೊಬ್ಬನೇ.

"ಅಕ್ಕಾ, ಊರಲ್ಲಿ ಎಣಿಸಿದಾಗ ನಾನು ಇಲ್ಲಿದ್ದೆ. ಇಲ್ಲಿ ಎಣಿಸಿದಾಗ ಧಣಿ ಹಿತ್ತಲಿಗೆ ಕಳಿಸಿದ್ರು. ಇಪ್ಪತ್ತು ವರ್ಷ ಆಯ್ತು, ನನ್ನ ಹೆಸರು ಎಲ್ಲಿಯೂ ಇಲ್ಲ. ಒಮ್ಮೆ ಬರೆಯಲಿಕ್ಕೆ ಆಗುದಿಲ್ವಾ?"

ಅವನೊಬ್ಬನನ್ನೇ ಬರೆದರೆ ಉಳಿದ ನಲವತ್ತಮೂರು ಜನರನ್ನು ಬಿಡಲು ಕಾರಣವೇ ಇರುವುದಿಲ್ಲ. ಗಡಿಯಾರದಲ್ಲಿ ಇನ್ನೂ ಮೂರೂವರೆ. ಅಧಿಕಾರಿಯ ಬಾಗಿಲು ಹತ್ತು ಹೆಜ್ಜೆ ದೂರವಿತ್ತು.

"ಆಗುದಿಲ್ಲ ಪಂಢರಣ್ಣ," ಎಂದಳು ಗುಣವತಿ, ತಲೆಯೆತ್ತದೆ.

"ಆಯ್ತು ಅಕ್ಕಾ. ಊಟ ಆಯ್ತಾ ನಿಮ್ಮದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವನು ಇಳಿದುಹೋದ.

ಸ್ವಲ್ಪ ಹೊತ್ತಿಗೆ ಅವಳು ಕಿಟಕಿಗೆ ಬಂದಳು. ಕೆಳಗೆ ಟ್ಯಾಕ್ಸಿಯೊಳಗೆ ಸುಬ್ರಾಯನ ಬಿಳಿ ಟೋಪಿ ಕಂಡಿತು. ಅದನ್ನು ನೋಡಿ ಮುಗಿದ ಮೇಲೂ ಅವಳು ಸರಿಯಲಿಲ್ಲ. ಮೂಟೆ ಹೊತ್ತವರು, ಬಂಡಿ ಎಳೆಯುವವರು, ಬಂದರಿನ ಕೂಲಿಗಳು ರಸ್ತೆ ತುಂಬ ನಡೆಯುತ್ತಿದ್ದರು. ಅವರಲ್ಲಿ ಪಂಢರಿನಾಥ ಯಾರೆಂದು ಎಷ್ಟು ಹುಡುಕಿದರೂ ತಿಳಿಯಲಿಲ್ಲ.